ಕಾಯಿಸದ ಹಾಲು

ಮುಚ್ಚಳ ಎತ್ತಿದ ಕೂಡಲೇ ಅದೇ ಹುಳಿ ವಾಸನೆ, ಲ್ಯಾಬಿನ ಕಿಟಕಿಯ ಬೆಳಕಿಗೆ ತಟ್ಟೆ ಹಿಡಿದರೆ ಕ್ರಿಮಿಗಳು ಎಷ್ಟು ಸೊಗಸಾಗಿ ಬೆಳೆದಿವೆ ನೋಡು, ಔಷಧಿ ಬಿಲ್ಲೆಗಳ ಮೈಗೆ ಮೈ ಒತ್ತಿಕೊಂಡು, ಸುತ್ತ ಖಾಲಿ ಜಾಗ ಬಿಟ್ಟಿದ್ದರೆ ಔಷಧಿ ಕೊಲ್ಲುತ್ತೆ ಅನ್ನಬಹುದಿತ್ತು, ಎಲ್ಲಿ ಬಿಟ್ಟಿವೆ, ಅಂಚಿನ ಒಂದೇ ಒಂದು ಬಿಲ್ಲೆಯ ಸುತ್ತ ತೆಳು ಖಾಲಿ ಉಂಗುರ — ಇದು ಜ್ವರದಲ್ಲಿ ಮಲಗಿರುವ ಅಕ್ಕನ ರಕ್ತದ್ದು, ಪಕ್ಕದ್ದು ಭಾವ ಮಾರುವ ಹಾಲಿನದ್ದು, ಅವಳಿ ಮಕ್ಕಳ ಹಾಗೆ, ಮೇಲಿನ ಚೀಟಿ ಕಿತ್ತರೆ ಯಾವುದು ಯಾವುದೋ ನನಗೇ ತಿಳಿಯದು. ಹಾಲು ಕುಡಿದ ಮಕ್ಕಳೇ ಬದುಕೋಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ ಅಂತಿದ್ದಳು ಅಮ್ಮ, ಎರಡನ್ನೂ ಒಂದೇ ಬಾಟಲಿಗೆ ತುಂಬುವ ಅಳಿಯ ಸಿಗುತ್ತಾನೆ ಅಂತ ಪಾಪ ಅವಳಿಗೇನು ಗೊತ್ತು — ಗಾಜಿನ ಬಾಟಲಿ, ಕತ್ತಿಗೆ ಹಸಿರು ದಾರ, ಕಾಯಿಸಿದರೆ ಹಾಲಿನ ಜೀವ ಹೋಗುತ್ತೆ ಅಂತ ಮುದ್ದಾದ ಅಕ್ಷರ, ಜೀವ ಇದೆ ಭಾವ, ಬೇಕಾದಷ್ಟಿದೆ, ಬಂದು ನೋಡಿ — ಅದಕ್ಕೆ ಸಾಲು ನಿಲ್ಲುವ ಆ ಜನ, ಕುಡಿಯುವ ನೀರನ್ನು ಸೋಸಿ ಸೋಸಿ ಕುಡಿಯುವವರು, ಹಾಲು ಮಾತ್ರ ಕೆಚ್ಚಲಿನಿಂದ ನೇರ ಬಾಯಿಗೆ ಬೀಳಬೇಕು, ಓದಿದ ದಡ್ಡರಷ್ಟು ದಡ್ಡರು ಬೇರೆ ಇಲ್ಲ. ಹಸುವಿನ ಕೆಚ್ಚಲು ತುಸು ಊದಿದರೆ ಸಾಕು, ಪಶುವೈದ್ಯರು ಯಾಕೆ ದಂಡಕ್ಕೆ, ತಾನೇ ಸೂಜಿ ಹಿಡಿಯುತ್ತಾನೆ, ಬಾವು ಇಳಿಯಿತೋ ಅರ್ಧಕ್ಕೇ ನಿಲ್ಲಿಸು, ಮತ್ತೆ ಊದಿತೋ ಇನ್ನೊಂದು ಆಂಟಿಬಯಾಟಿಕ್, ಕ್ರಿಮಿಗಳಿಗೆ ಪಾಠಶಾಲೆ ತೆರೆದ ಪುಣ್ಯಾತ್ಮ, ಒಂದೊಂದು ಔಷಧಿಯನ್ನೂ ಪರಿಚಯ ಮಾಡಿಸಿ ಪಾಸು ಮಾಡಿ ಕಳಿಸಿದ್ದಾನೆ, ಕಳಿಸಿದ್ದು ಹೆಂಡತಿಯ ಮೈಗೆ.

ಫೋನಿನಲ್ಲಿ ಅಕ್ಕನ ಡಾಕ್ಟರು ಉಂಗುರದ ಆ ಒಂದು ಔಷಧಿಯ ಹೆಸರು ಬರೆದುಕೊಂಡರು, ಉಳಿದದ್ದು ಇದೊಂದೇನಾ ಅಂದರು, ಹಾಲಿನದೇ ಕ್ರಿಮಿ ಸಾರ್ ಅಂದರೆ, ಹಾಲಿರಬಹುದು ನೀರಿರಬಹುದು, ಅದೆಲ್ಲ ಈಗ್ಯಾಕೆ — ಹೌದು, ಈಗ್ಯಾಕೆ, ಮನೆ ಸುಡುವಾಗ ಬೆಂಕಿ ಹಚ್ಚಿದವನ ಮಾತು ಯಾಕೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಭಾವ, ಇಸ್ತ್ರಿ ಮಾಡಿದ ಅಂಗಿ, ಹೆಂಡತಿ ಬೇಯುತ್ತಿರುವಾಗ ಇಸ್ತ್ರಿ, ಬಾಯಲ್ಲಿ ನೀವು ಅಂತಲೇ ಮಾತಾಡಿಸಿದೆ, ಮನಸ್ಸಿನಲ್ಲಿ ಇವನಿಗೆ ಬಹುವಚನ ಯಾವತ್ತೋ ತೀರಿದೆ, ಹಸುಗಳಿಗೆ ಕಂಡದ್ದೆಲ್ಲ ಚುಚ್ಚಬೇಡಿ, ಹಾಲು ಮಾರೋದು ನಿಲ್ಲಿಸಿ ಭಾವ ಅಂದೆ, ಅವನು ನಕ್ಕ, ನೀನು ಭೂತಗನ್ನಡಿ ಇಟ್ಕೊಂಡು ಹುಡುಕಿದರೆ ಎಲ್ಲಾ ಕಡೆ ಹುಳ ಕಾಣತ್ತಮ್ಮ, ಅಕ್ಕನ ತಟ್ಟೆಗೆ ಅನ್ನ ಬೀಳೋದು ಆ ಹಾಲಿಂದಲೇ, ಅದಕ್ಕೆ ಕಲ್ಲು ಹಾಕ್ತೀಯಾ. ಒಳಗೆ ಅಕ್ಕ, ತುಟಿ ಒಡೆದಿದೆ, ಕೈ ಮುಟ್ಟಿದರೆ ಕಾದ ಹೆಂಚು, ಅವರಿಗೇನೂ ಹೇಳಬೇಡ ಕಣೇ, ನೊಂದ್ಕೋತಾರೆ, ಅವರು ನೊಂದುಕೊಳ್ಳಬಾರದು, ನೀನು ಸಾಯಬಹುದು, ಇದೇನೇ ನಿನ್ನ ಲೆಕ್ಕ — ಅನ್ನುವ ಬದಲು ಒದ್ದೆ ಬಟ್ಟೆ ಮಡಚಿ ಹಣೆಗಿಟ್ಟೆ.

ಔಷಧಿ ಹಿಡಿಯಿತು. ಜ್ವರ ಇಳಿದು ಅಕ್ಕ ದಿಂಬಿಗೊರಗಿ ಕೂತಿದ್ದಾಳೆ, ಜೀವ ಬಂತಲ್ಲ ಅಂತ ಮೆಟ್ಟಿಲು ಓಡಿ ಹತ್ತಿ ಬಂದರೆ ವಾರ್ಡಿನಲ್ಲಿ ಸಂತೆ, ಭಾವ ಬಾಟಲಿಗಳ ಬುಟ್ಟಿಯನ್ನೇ ಹೊತ್ತು ತಂದಿದ್ದಾನೆ, ಗಟ್ಟಿ ಹಾಲು ಕುಡಿದ ಮೈ ನೋಡಿ ಅದಕ್ಕೇ ತಡೆದುಕೊಂಡಿತು ಅಂತ ಎಲ್ಲರಿಗೂ ಸಾರುತ್ತಾ ನರ್ಸಿಗೊಂದು ಲೋಟ, ಡಾಕ್ಟರಿಗೊಂದು, ಆ ಮಹಾನುಭಾವರೂ ಕುಡಿದರು, ಮೀಸೆಗೆ ನೊರೆ, ಹಾಗೇ ಕುಡಿಯಬೇಡಿ ಸಾರ್ ಅಂದರೆ, ಚಿಕ್ಕಂದಿನಿಂದ ಕುಡಿದವರಮ್ಮ ನಾವು — ಈ ಮೀಸೆಗೆ ಈ ಊರಿನ ಜೀವಗಳನ್ನು ಒಪ್ಪಿಸಿದ್ದೇವೆ. ಆಮೇಲಿನ ಲೋಟ ಅಕ್ಕನಿಗೆ, ಭಾವ ತಾನೇ ತುಟಿಯ ಹತ್ತಿರ ಹಿಡಿದಿದ್ದಾನೆ, ಎಲ್ಲರೂ ನೋಡುತ್ತಿದ್ದಾರೆ, ಅಕ್ಕ ಬೇಡ, ನನ್ನ ದನಿ ಇಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ, ಅವಳು ನನ್ನನ್ನು ನೋಡಿದಳು, ಅವನ ಮುಖ ನೋಡಿದಳು, ಒಂದೇ ಗುಟುಕು ಕಣೇ, ಇವರ ಸಮಾಧಾನಕ್ಕೆ — ಅವಳ ಗಂಟಲು, ಜ್ವರಕ್ಕೆ ಸೊರಗಿದ ಗಂಟಲು, ಏಳುತ್ತದೆ, ಇಳಿಯುತ್ತದೆ, ಒಂದು ಗುಟುಕು ಅಂದಳಲ್ಲ, ಲೋಟ ಇನ್ನೂ ವಾಲುತ್ತಿದೆ, ಅಕ್ಕನ ಗಂಟಲು ಏಳುತ್ತದೆ, ಇಳಿಯುತ್ತದೆ, ಏಳುತ್ತದೆ —