ಪಕ್ಕದ ಮನೆಯ ಗುದ್ದು

ಹಿಟ್ಟು ಮೆತ್ತಿದ ಬ್ಲಾ ಬನ್ನಿನ ಹೊಟ್ಟೆ ಸೀಳಿ, ಬೆಣ್ಣೆ ಬಳಿದು, ಒಳಗೊಂದು ಹ್ಯಾಮಿನ ಹೋಳು ಇಟ್ಟು ಡೀಲಿಯಾ ಫೀಲನ್ ತಟ್ಟೆಗೆ ಎಸೆಯುತ್ತಿದ್ದಳು. ತಟ್ಟೆ ತುಂಬಿದ ಕೂಡಲೇ ಹಿತ್ತಿಲಿನ ಮೋಟುಗೋಡೆಯ ಮೇಲೆ ಇಟ್ಟು ಬರುವಳು. ಆಚೆಯಿಂದ ಯಾರದೋ ಕೈ ಅದನ್ನು ಎತ್ತಿಕೊಳ್ಳುವುದು. ಪಕ್ಕದ ಮನೆಯಲ್ಲಿ ಬ್ರೀಡಾ ಹರ್ನ್‌ಳ ಒಬ್ಬನೇ ಮಗ ಲಾರ್ಕನ್ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಮೂವತ್ತಮೂರು ವರ್ಷದವನು. ಗಿಟಾರು ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ನಿದ್ದೆ ಹೋದವನು ತನ್ನೂರು ವಾಟರ್‌ಫರ್ಡ್ ಬಂದಾಗ ಏಳಲಿಲ್ಲ. ಹೃದಯದಲ್ಲಿ ಹುಟ್ಟಿನಿಂದಲೇ ಏನೋ ದೋಷವಿತ್ತಂತೆ. ಯಾರಿಗೂ ಗೊತ್ತಿರಲಿಲ್ಲ.

ಸಾವಿನ ಮನೆಯಲ್ಲಿ ಜನ ಹಿಡಿಸದಿದ್ದರೆ ಪಕ್ಕದ ಮನೆಯವರು ಬಾಗಿಲು ತೆರೆಯಬೇಕು. ಆ ಬೀದಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡೀಲಿಯಾ ಬಾಗಿಲು ತೆರೆದಿದ್ದಳು. ಕುರ್ಚಿ, ಕಪ್ಪು, ಕೆಟಲು ಎಲ್ಲ ಕೊಟ್ಟಿದ್ದಳು. ಆದರೆ ಎರಡು ದಿನವಾದರೂ ತಾನು ಮಾತ್ರ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಸತ್ತವರ ಕೈ ಮುಟ್ಟಿ ಬಂದರೆ ಅವರು ಕನಸಿನಲ್ಲಿ ಬಂದು ಕಾಡುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು. ಇನ್ನೇನು ಹನ್ನೊಂದು ಗಂಟೆಗೆ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. ಆಮೇಲೆ ಮುಟ್ಟುತ್ತೇನೆಂದರೂ ಆಗದು.

ಹೋಗುವುದಾದರೂ ಯಾವ ಮುಖ ಹೊತ್ತು? ಇಪ್ಪತ್ತು ವರ್ಷ ಆ ಹುಡುಗ ಗಿಟಾರು ಕೈಗೆತ್ತಿಕೊಂಡಾಗಲೆಲ್ಲ ಗೋಡೆಗೆ ಪೊರಕೆಯ ಕೋಲಿನಿಂದ ಗುದ್ದಿದವಳು ಅವಳು. ಬೀದಿಗೆ ಬೀದಿಯೇ ಬಲ್ಲ ಸಂಗತಿ. ಆ ಪೊರಕೆ ಈಗಲೂ ಅಡುಗೆಮನೆಯ ಬಾಗಿಲ ಹಿಂದೆ ಏನೂ ಅರಿಯದಂತೆ ನಿಂತಿತ್ತು.

"ಬರಬಹುದಾ ಅಮ್ಮಾ? ಇಲ್ಲಿ ಟೀ ಸಿಗತ್ತೆ ಅಂದ್ರು."

ಬಾಗಿಲು ತುಂಬ ಒಬ್ಬ ಗಡ್ಡದವನು ನಿಂತಿದ್ದ. ಚರ್ಮದ ಜಾಕೀಟಿನ ತುಂಬ ಲಾರ್ಕನ್‌ನ ಮುಖವಿದ್ದ ಬಿಲ್ಲೆಗಳು.

"ಸಿಗತ್ತೆ. ಬೂಟು ಒರೆಸ್ಕೊಂಡು ಬಾ."

ಅಷ್ಟು ದೊಡ್ಡ ಆಳು ಸ್ಕೂಲಿನ ಹುಡುಗನ ಹಾಗೆ ಬೂಟು ಒರೆಸಿಕೊಂಡ. ಅವನು ಟೈಗ್, ಕಾರ್ಲೋದ ಲಾರಿ ಡ್ರೈವರು. ಅವನ ಬೆನ್ನಿಗೆ ಬಂದವಳು ಉರ್ಸುಲಾ, ಕಿಲ್ಕೆನ್ನಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದವಳು. ಹಚ್ಚಿಕೊಂಡಿದ್ದ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಇಬ್ಬರೂ ಲಾರ್ಕನ್‌ನ ಅಭಿಮಾನಿಗಳು. ಅಂಥವರು ಹೊರಗೆ ಬೀದಿಯ ಉದ್ದಕ್ಕೂ ಇದ್ದರು.

"ಇವ್ನು ಮೂವತ್ತು ಕಾರ್ಯಕ್ರಮ ನೋಡಿದೀನಿ ಅಂತಾನೆ," ಎಂದಳು ಉರ್ಸುಲಾ. "ಅದ್ರಲ್ಲಿ ಹತ್ತರಲ್ಲಿ ಕುಡ್ಕೊಂಡು ಗೋಡೆಗೊರಗಿ ಗೊರಕೆ ಹೊಡೀತಿದ್ದ. ಅವನ್ನ ಲೆಕ್ಕಕ್ಕೆ ತಗೋಬೇಡಿ."

"ಕಣ್ಣು ಮುಚ್ಚಿದ್ದೆ ಅಷ್ಟೆ ಕಣೆ. ಕೇಳ್ತಿದ್ದೆ."

"ಬಾಯಿ ತೆಗೆದಿತ್ತಲ್ಲಪ್ಪಾ!"

ಟೈಗ್ ನಕ್ಕ. ಆಮೇಲೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಮ್ಮಪ್ಪ ಸತ್ತಾಗ ನನಗೆ ಅಳು ಬರಲಿಲ್ಲ ಅಮ್ಮಾ. ಮಣ್ಣು ಮಾಡಿದ್ವಿ, ಕೆಲಸಕ್ಕೆ ಹೋದೆ. ಅದೇ ವಾರ ಇವನದು ಕಾರ್ಯಕ್ರಮ ಇತ್ತು. ಒಂದೇ ಒಂದು ಸ್ವರ ಎಳೆದು ಹಿಡ್ಕೊಂಡ. ಬಿಡಲೇ ಇಲ್ಲ. ನಾನು ಅಲ್ಲೇ ನಿಂತು ಗೊಳೋ ಅಂತ ಅತ್ತುಬಿಟ್ಟೆ. ಆವತ್ತು ರಾತ್ರಿ ನಿದ್ದೆ ಬಂತು."

ಡೀಲಿಯಾ ಅವನ ತಟ್ಟೆಗೆ ಇನ್ನೊಂದು ಬನ್ನು ಹಾಕಿದಳು.

"ಇವತ್ತು ಪೆಟ್ಟಿಗೆ ಹೊರಗೆ ಬಂದಾಗ ನಾವೆಲ್ಲ ಆ ಗುದ್ದು ಹಾಕ್ತೀವಿ," ಎಂದಳು ಉರ್ಸುಲಾ.

"ಯಾವ ಗುದ್ದು?"

"ಅವನ ದೊಡ್ಡ ಹಾಡಿತ್ತಲ್ಲ, ಮಾತೇ ಇಲ್ಲದ್ದು, ಅದರ ಮೊದಲಿಗೆ ಬರುತ್ತೆ. ಎಲ್ಲಾ ದೀಪ ಆರಿಸಿ ಅವನು ಕಾಯ್ತಿದ್ದ. ನಾವು ಕಾಲಿಂದ ಗುದ್ದಿದ ಮೇಲೇ ಶುರು ಮಾಡ್ತಿದ್ದಿದ್ದು. ಜರ್ಮನಿಯಲ್ಲೂ ಹಂಗೇ. ಅದು ನದಿ ದಂಡೆಯ ಫಿರಂಗಿಯ ಸದ್ದು ಅಂತ ಇವನ ವಾದ. ತಾಯಿಯ ಎದೆಬಡಿತ ಅಂತ ನಂದು. ತೋರ್ಸೋ ಟೈಗ್."

ಟೈಗ್ ಕೂತಲ್ಲೇ ನೆಲಕ್ಕೆ ಬೂಟುಗಾಲು ಕುಟ್ಟಿದ. ದಬ್‌ದಬ್... ದಬ್!

ಬೀರುವಿನಲ್ಲಿದ್ದ ಕಪ್ಪುಗಳು ಕಿಣಿಕಿಣಿ ಎಂದವು. ಡೀಲಿಯಾಳ ಕೈಯಲ್ಲಿದ್ದ ಚಾಕು ಬೆಣ್ಣೆಯಲ್ಲೇ ನಿಂತಿತು. ಕೋಲಿನ ತುದಿಯಿಂದ ಬೇಗ ಬೇಗ ಎರಡು, ಆಮೇಲೆ ಹಿಡಿತ ಬದಲಿಸಿ, ಉಸಿರೆಳೆದುಕೊಂಡು, ತೋಳಿನ ಬಲವೆಲ್ಲ ಹಾಕಿ ಇನ್ನೊಂದು. ಅವಳ ಗುದ್ದು ಅವಳಿಗೆ ಗೊತ್ತಾಗದೆ ಇರುತ್ತದೆಯೇ?

*

ಮೊದಲ ಸಲ ಗುದ್ದಿದಾಗ ಲಾರ್ಕನ್ ಹೈಸ್ಕೂಲು ಹುಡುಗ. ಡೀಲಿಯಾಳ ಗಂಡ ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ. ಮನೆಯೆಲ್ಲ ಸದ್ದಡಗಿ ಕೂತಿದ್ದ ಒಂದು ಸಂಜೆ ಗೋಡೆಯಾಚೆ ಕಬ್ಬಿಣದ ಗೇಟನ್ನು ಎಳೆದಾಡಿದಂಥ ಶಬ್ದ ಎದ್ದಿತು. ಅವಳು ಪೊರಕೆ ಹಿಡಿದು ಗುದ್ದಿದಳು. ಶಬ್ದ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಈ ಸಲ ಕೊಂಚ ಮೆಲ್ಲಗೆ.

ಆಮೇಲೆ ಅದೇ ರೂಢಿಯಾಯಿತು. ಅವನು ಬಾರಿಸುವುದು, ಇವಳು ಗುದ್ದುವುದು. ಗೋಡೆಯಲ್ಲಿ ತಗ್ಗು ಬಿದ್ದ ಮೇಲೆ ನೋಡಿದವರು ಏನೆಂದುಕೊಂಡಾರೆಂದು ಅದರ ಮೇಲೆ ಚರ್ಚಿನ ಕ್ಯಾಲೆಂಡರು ತೂಗುಹಾಕಿದಳು. ಗುದ್ದುವಾಗ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಮುಗಿದ ಮೇಲೆ ಮತ್ತೆ ಮೊಳೆಗೆ ಸಿಕ್ಕಿಸುವಳು. ಸುಳ್ಳೇಕೆ, ಗುದ್ದಿದ ಸಂಜೆಗಳಲ್ಲಿ ಅವಳಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ ಎನಿಸುತ್ತಿರಲಿಲ್ಲ.

ಅವನೊಂದಿಗೆ ಕೊನೆಯ ಮಾತಾದದ್ದು ಸಾಯುವ ಹಿಂದಿನ ವಾರ. ಅವಳ ಭುಜ ಹಿಡಿದುಕೊಂಡು ತೋಳು ಮೇಲೇಳುತ್ತಿರಲಿಲ್ಲ. ಕಲ್ಲಿದ್ದಲು ತರಲು ಹಿತ್ತಿಲಿಗೆ ಹೋದಾಗ ಲಾರ್ಕನ್ ಮೋಟುಗೋಡೆಗೆ ಮೊಣಕೈ ಊರಿ ನಿಂತಿದ್ದ.

"ಏನ್ ಮಿಸೆಸ್ ಫೀಲನ್, ಈ ವಾರ ಗುದ್ದೇ ಇಲ್ಲ? ಹುಷಾರಾಗಿದೀರಾ ತಾನೆ?"

ಇವನದೊಂದು ಕುಚೋದ್ಯ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ಕಿವಿಗೆ ಹತ್ತಿ ತುರುಕ್ಕೊಂಡಿದೀನಿ. ನಿನಗೇನಾಗ್ಬೇಕು?" ಎಂದವಳೇ ಬಾಗಿಲು ಹಾಕಿಕೊಂಡಳು.

*

"ಅಮ್ಮಾ, ಕೈ ಕೊಯ್ಕೊಂಡ್ರಾ?" ಎಂದು ಉರ್ಸುಲಾ ಕೇಳಿದಳು.

"ಇಲ್ಲ," ಎಂದಳು ಡೀಲಿಯಾ. ಕೊಯ್ದುಕೊಂಡಿದ್ದರೇ ವಾಸಿಯಿತ್ತು. ಇಷ್ಟು ದಿನ ಅವಳನ್ನು ಕಾಡುತ್ತಿದ್ದುದು ಒಂದೇ, ಹುಡುಗ ತನ್ನನ್ನು ದ್ವೇಷಿಸುತ್ತಲೇ ಸತ್ತನೇ ಎಂಬುದು. ಈಗ ಅದಕ್ಕಿಂತ ಕೆಟ್ಟದ್ದು ತಿಳಿಯಿತು. ಅವನು ತನ್ನನ್ನು ಊರೂರಿಗೆ ಹೊತ್ತುಕೊಂಡು ಹೋಗಿ ನಗೆಪಾಟಲು ಮಾಡಿದ್ದ. ಜರ್ಮನಿಯವರು ಕೂಡ ಕಾಲು ಕುಟ್ಟಿ ನಕ್ಕಿದ್ದಾರೆ.

ಹಿತ್ತಿಲ ಬಾಗಿಲಿನಿಂದ ಫಿಂಟನ್ ಬಂದ. ತಂಡದಲ್ಲಿ ಡ್ರಮ್ಸ್ ಬಾರಿಸುವವನು, ಅದೇ ಬೀದಿಯ ತುದಿಮನೆಯವನು. ಎರವಲು ತಂದ ಕೋಟಿನ ತೋಳು ಮೋಟಾಗಿತ್ತು.

"ಮಿಸೆಸ್ ಫೀಲನ್, ಬ್ರೀಡಾ ಕರೀತಿದಾಳೆ. ಮುಚ್ಚಳ ಹಾಕೋ ಹೊತ್ತಾಯ್ತು. ನೀವು ಬರದೆ ಹಾಕಕೂಡದಂತೆ."

"ನಾನ್ ಬರಲ್ಲ."

"ಯಾಕೆ?"

"ಯಾಕಾ? ಆ ಗುದ್ದು ಯಾರದು ಹೇಳು! ನನ್ನನ್ನ ಆಡ್ಕೊಳ್ಳೋಕೆ ತಾನೆ ನೀವು ಅದನ್ನ ಹಾಡಿಗೆ ಹಾಕಿದ್ದು? ಪಕ್ಕದ್ಮನೆ ಮುದುಕಿ, ಗೋಡೆ ಗುದ್ದೋ ಗೂಬೆ, ಅಂತ!"

ಟೈಗ್‌ನ ಬಾಯಿಗೆ ಹೋಗುತ್ತಿದ್ದ ಬನ್ನು ನಡುದಾರಿಯಲ್ಲೇ ನಿಂತಿತು. "ಅಯ್ಯೋ ದೇವ್ರೇ," ಎಂದ. "ನೀವೇನಾ ಅದು?"

ಫಿಂಟನ್ ಕುರ್ಚಿ ಎಳೆದುಕೊಂಡು ಕೂತ.

"ಲಾರ್ಕನ್‌ಗೆ ಇದ್ದ ದೊಡ್ಡ ರೋಗ ಏನ್ ಗೊತ್ತಾ? ಓಟ. ಶುರು ಮಾಡಿದ್ರೆ ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಿದ್ದ. ನನ್ನ ತಾಳ ಅವನ ಕಿವಿಗೇ ಬೀಳ್ತಿರಲಿಲ್ಲ. ನೀವು ಗುದ್ದಿದ್ರೆ ಮಾತ್ರ ನಿಲ್ಲೋನು. ನಿಂತು, ಉಸಿರು ತಗೊಂಡು, ಮೊದಲಿಂದ ನಿಧಾನಕ್ಕೆ ಶುರು ಮಾಡೋನು. ನೀವು ಸೊಂಟದ ಆಪರೇಷನ್‌ಗೆ ಆಸ್ಪತ್ರೆ ಸೇರಿದ್ರಲ್ಲ, ಆಗ ನಾವು ಆ ಹಾಡು ಕಟ್ತಿದ್ವಿ. ದಿನಾ ಕೂತ್ವಿ, ದಿನಾ ಹಾಳಾಯ್ತು. 'ಗೋಡೆ ಸತ್ತುಹೋಗಿದೆ ಕಣೋ' ಅಂತಿದ್ದ. ಕೊನೆಗೆ ಒಂದಿನ ತಾನೇ ಎದ್ದು ಗೋಡೆಗೆ ನಿಮ್ಮ ಹಾಗೇ ಗುದ್ದಿ ಬಂದು ಕೂತ. ಮೊದಲ ಸಲಕ್ಕೇ ಹಾಡು ಕೂಡಿಬಂತು."

ಡೀಲಿಯಾ ಮೇಜಿನ ಅಂಚು ಹಿಡಿದುಕೊಂಡಳು.

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳ್ದೆ. ಗೊತ್ತಾದ್ರೆ ನಾಚ್ಕೊಂಡು ಗುದ್ದೋದೇ ನಿಲ್ಲಿಸಿಬಿಡ್ತಾರೆ ಅಂದ." ಫಿಂಟನ್ ಕೋಟಿನ ತೋಳನ್ನು ಕೆಳಗೆಳೆದುಕೊಂಡ. "ಹೋದ ವಾರ ನೀವು ಗುದ್ದಲಿಲ್ಲ ಅಂತ ಹೆದರಿದ್ದ. ನನ್ನ ಹತ್ರ ಹೇಳ್ದ. ಹಿತ್ತಿಲಲ್ಲಿ ಮಾತಾಡಿಸಿದ ಮೇಲೆ, 'ಇಲ್ಲ ಕಣೋ, ಚೆನ್ನಾಗಿದಾರೆ, ಸರಿಯಾಗಿ ಬೈದ್ರು' ಅಂತ ಒಂದೇ ನಗು."

ಡೀಲಿಯಾ ಅತ್ತಳು. ಎರಡು ದಿನ ಬಾರದಿದ್ದ ಅಳು ಅದು. ಟೈಗ್ ತನ್ನ ಬಟ್ಟಲಗಲದ ಕೈಯಿಂದ ಅವಳ ಬೆನ್ನು ತಟ್ಟಿದ. ಅಳು ಮುಗಿದಾಗ ಎದೆಯ ಮೇಲಿದ್ದ ಒರಳುಕಲ್ಲನ್ನು ಯಾರೋ ಇಳಿಸಿದ ಹಾಗಾಗಿತ್ತು. ಏಪ್ರನ್ ಬಿಚ್ಚಿ, ಕರಿಕೋಟು ತೊಟ್ಟು, ಕೂದಲು ಸರಿಮಾಡಿಕೊಂಡು ಹೊರಟಳು.

*

ಅವನು ಗಿಟಾರು ನುಡಿಸುತ್ತಿದ್ದ ಹಿಂಭಾಗದ ಕೋಣೆಯಲ್ಲೇ ಪೆಟ್ಟಿಗೆ ಇಟ್ಟಿದ್ದರು. ಜನ ಸರಿದು ದಾರಿಬಿಟ್ಟರು. ಡೀಲಿಯಾ ಬಾಗಿ ಲಾರ್ಕನ್‌ನ ಎಡಗೈ ಮುಟ್ಟಿದಳು. ತಂತಿ ಒತ್ತಿ ಒತ್ತಿ ಬೆರಳ ತುದಿಗಳಲ್ಲಿ ಕಟ್ಟಿದ್ದ ಗಡಸು ಇನ್ನೂ ಹಾಗೇ ಇತ್ತು.

"ಭುಜ ನೋಯ್ತಿತ್ತು ಕಣೋ," ಎಂದು ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು. "ಅದಕ್ಕೇ ಗುದ್ದಲಿಲ್ಲ."

ತಲೆ ಎತ್ತಿದಾಗ ಗೋಡೆ ಕಂಡಿತು. ಹೊಸದಾಗಿ ಹಳದಿ ಬಣ್ಣ ಬಳಿದ ಗೋಡೆಯಲ್ಲಿ ಒಂದು ಬಟ್ಟಲಿನಷ್ಟು ಜಾಗ ಹಾಗೇ ಉಳಿದಿತ್ತು. ಗಾರೆ ಈ ಕಡೆಗೆ ಉಬ್ಬಿ ಬಿರುಕು ಬಿಟ್ಟಿತ್ತು. ಅದರ ಸುತ್ತ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ತನ್ನ ಗುದ್ದು ಆಚೆ ಬದಿಯಲ್ಲಿ ಹೇಗೆ ಕಾಣುತ್ತದೆಂದು ಅವಳು ನೋಡುತ್ತಿದ್ದುದು ಅದೇ ಮೊದಲು.

"ಬಣ್ಣ ಹೊಡೆಯೋನು ಬಂದಾಗೆಲ್ಲ ಅದೊಂದನ್ನ ಬಿಡು ಅಂತಿದ್ದ," ಎಂದಳು ಬ್ರೀಡಾ. ಅವಳ ಕಣ್ಣುಗಳು ಬಾತುಕೊಂಡಿದ್ದವು. "ನಾನು ಬೈತಿದ್ದೆ, ಮನೆಗೆ ಬಂದೋರು ಏನಂತಾರೋ ಅಂತ. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಡೀಲಿಯಾ?"

"ಬನ್ನಿಗೆ ಬೆಣ್ಣೆ ಹಚ್ತಿದ್ದೆ."

"ಊರಿಗೆಲ್ಲ ಆಗೋಷ್ಟು ಹಚ್ಚಿದೀಯ. ನಾಳೆಯಿಂದ ಒಂದು ತಿಂಗಳು ನಾವಿಬ್ರೂ ಅದನ್ನೇ ತಿನ್ನಬೇಕು." ಆಮೇಲೆ ಬ್ರೀಡಾ ಅವಳ ತೋಳು ಹಿಡಿದಳು. "ಇನ್ನೊಂದು ಕೆಲಸ ಇದೆ. ಅವನನ್ನ ಹೊರಗೆ ತಂದಾಗ ನೀನೇ ಶುರು ಮಾಡಿಕೊಡು. ಇಲ್ದಿದ್ರೆ ಅವನು ಹೊರಡೋನಲ್ಲ."

"ಸಾವಿನ ದಿನ ಗೋಡೆ ಗುದ್ದೋದಾ? ಜನ ಏನಂದ್ಕೊಳ್ಳಲ್ಲ!"

"ಇಪ್ಪತ್ತು ವರ್ಷ ಇಲ್ಲದ ನಾಚಿಕೆ ಇವತ್ತು ಎಲ್ಲಿಂದ ಬಂತೇ?"

ಮಗ ಹೋದ ಮೇಲೆ ಬ್ರೀಡಾ ನಕ್ಕದ್ದು ಆಗಲೇ. ಕೋಣೆಯಲ್ಲಿದ್ದವರೂ ನಕ್ಕರು. ಪಾದ್ರಿ ಕೆಮ್ಮಿ ನಗು ಮುಚ್ಚಿಕೊಂಡರು.

ಮುಚ್ಚಳ ಹಾಕಿದರು. ಫಿಂಟನ್, ಟೈಗ್ ಮತ್ತೆ ನಾಲ್ವರು ಪೆಟ್ಟಿಗೆಯನ್ನು ಹೆಗಲಿಗೇರಿಸಿದರು. ಟೈಗ್ ಉಳಿದವರಿಗಿಂತ ಗೇಣುದ್ದ ಎತ್ತರ. ಪೆಟ್ಟಿಗೆ ವಾಲದಿರಲೆಂದು ಮಂಡಿ ಬಗ್ಗಿಸಿಕೊಂಡೇ ಹೊಸ್ತಿಲು ದಾಟಿದ. ಸತ್ತವನ ಗೌರವಕ್ಕೆಂದು ಬೀದಿಯ ಮನೆಗಳೆಲ್ಲ ಕಿಟಕಿಗೆ ಪರದೆ ಎಳೆದಿದ್ದವು. ಸುದ್ದಿ ಆಗಲೇ ಬಾಯಿಂದ ಬಾಯಿಗೆ ಹರಿದಿತ್ತು. ಅಷ್ಟೂ ಜನ ಚರ್ಮದ ಜಾಕೀಟಿನವರು ಉಸಿರು ಬಿಗಿಹಿಡಿದು ಡೀಲಿಯಾಳ ಮನೆಯ ತೆರೆದ ಬಾಗಿಲನ್ನೇ ನೋಡುತ್ತಿದ್ದರು. ಪೆಟ್ಟಿಗೆ ಬೀದಿಯ ನಡುವೆ ನಿಂತಿತು.

ಒಳಗೆ ಡೀಲಿಯಾ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಮೇಜಿನ ಮೇಲಿಟ್ಟಳು. ಪೊರಕೆ ಹಿಡಿದು ತೋಳು ಎತ್ತಹೋದಾಗ ಭುಜ ಚುಳುಕ್ಕೆಂದಿತು. ಎತ್ತಿದಳು.

ದಬ್‌ದಬ್... ದಬ್!

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೀದಿಗೆ ಬೀದಿಯೇ ಬೂಟುಗಾಲಿನಲ್ಲಿ ಅದೇ ಗುದ್ದನ್ನು ಮರಳಿಸಿತು. ಅವಳ ಅಂಗಾಲಿನ ಕೆಳಗೆ ನೆಲ ಕಂಪಿಸಿತು, ಬೀರುವಿನ ಕಪ್ಪುಗಳೆಲ್ಲ ಕುಣಿದವು. ಸದ್ದು ಅಡಗಿದ ಮೇಲೆ ಪೆಟ್ಟಿಗೆ ಹೊರಟಿತು. ಓಟವಿಲ್ಲ, ಅವಸರವಿಲ್ಲ, ಹೊತ್ತವರ ಹೆಜ್ಜೆ ಇಳಿಜಾರಿನಲ್ಲಿ ಒಂದಕ್ಕೊಂದು ಸರಿಯಾಗಿ ಬೀಳುತ್ತಿತ್ತು.

ಡೀಲಿಯಾ ಲಗುಬಗೆಯಿಂದ ಹೊರಬಂದು ಬ್ರೀಡಾಳ ಪಕ್ಕ ಸೇರಿಕೊಂಡಳು. ಚರ್ಚಿನ ಮೆಟ್ಟಿಲು ಹತ್ತುವವರೆಗೂ ಯಾರೂ ಅವಳಿಗೆ ಏನೂ ಹೇಳಲಿಲ್ಲ. ಒಂದು ಕೈಯಲ್ಲಿ ಬ್ರೀಡಾಳ ಕೈ ಇತ್ತು. ಇನ್ನೊಂದು ಕೈಯಲ್ಲಿ, ತುದಿಗೆ ಗಾರೆಯ ಪುಡಿ ಮೆತ್ತಿದ್ದ ಪೊರಕೆಯನ್ನು ಹಿಡಿದುಕೊಂಡೇ ಅವಳು ನಡೆಯುತ್ತಿದ್ದಳು.