ಆ ಶನಿವಾರದ ಕೆಲಸ

ಮಗುವಿಗೆ ಐದು ವಾರವಾಗಿತ್ತು. ಅಜ್ಜಿ ಅದನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಎತ್ತಿಕೊಳ್ಳುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಾಡುತ್ತಿದ್ದರು. ಮಗುವಿನ ಬಟ್ಟೆ ಕುದಿಸಿ, ಹಿಂಡಿ, ಬಿಸಿಲಿಗೆ ಹರವಿ, ಎರಡೂ ಮಗ್ಗುಲಿಗೆ ಇಸ್ತ್ರಿ ಹಾಕಿ, ಮೂಲೆಗೆ ಮೂಲೆ ಕೂಡಿಸಿ ಮಡಚಿಡುತ್ತಿದ್ದರು. ಬಾಣಂತಿ ಸೊಸೆಗೆ ಹೊತ್ತುಹೊತ್ತಿಗೆ ಬೇಯಿಸಿ ಬಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಮಾಸ್ಕ್ ಕಟ್ಟಿಕೊಂಡು ಕೋಣೆಯ ಬಾಗಿಲ ಹೊರಗೆ ಸ್ಟೂಲು ಹಾಕಿ ಕೂತು, ಹೊಸ್ತಿಲಾಚೆಯಿಂದಲೇ ಮೊಮ್ಮಗಳ ಜೊತೆ ಹರಟೆಗಿಳಿಯುತ್ತಿದ್ದರು.

"ಏನ್ರೀ ಮೇಡಂ, ನಿದ್ದೆ ಆಯ್ತಾ? ಮುಷ್ಟಿ ಬಿಗಿ ಹಿಡಿದಿದ್ದೀರಲ್ಲ, ಯಾರಿಗೆ ಗುದ್ದಬೇಕು, ನನಗಾ? ಇನ್ನೂ ಐದು ತಿಂಗಳು ತಡೀರಿ. ಆಮೇಲೆ ನಾನೋ ನೀವೋ ನೋಡೇಬಿಡೋಣ."

ಆ ಐದು ತಿಂಗಳ ಗಡುವು ಸೊಸೆ ಹಾಕಿದ್ದು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ; ಅಲ್ಲಿಯವರೆಗೆ ಸುತ್ತಲಿನವರು ಹಾಕಿಸಿಕೊಂಡು ಅದಕ್ಕೆ ಬೇಲಿಯಾಗಿ ನಿಲ್ಲಬೇಕು ಎಂದು ಆರೋಗ್ಯ ಕೇಂದ್ರದ ನರ್ಸ್ ಹೇಳಿದ್ದಳು. ಸೊಸೆ ಬಸುರಿಯಾಗಿದ್ದಾಗಲೇ ಹಾಕಿಸಿಕೊಂಡಿದ್ದಳು. ಕೆಳಗಿನ ಮನೆಯ ಟೈಲರ್ ಅಕ್ಕ ಮಗುವನ್ನು ಎತ್ತಿಕೊಳ್ಳುವ ಆಸೆಗೆ ಮಾರನೇ ದಿನವೇ ಹಾಕಿಸಿಕೊಂಡು ಬಂದು, ತೋಳು ಮೇಲೇರಿಸಿ ತೋರಿಸಿದ್ದರು. "ಹುಟ್ಟಿದಾಗಿಂದ ಸೂಜಿ ಹಿಡಿದವಳು ನಾನು, ನನಗೇನು ಭಯ!" ಅತ್ತೆ ಮಾತ್ರ ಬೇಡ ಎಂದರು. ಹಾಗಾದರೆ ಮಗುವನ್ನು ಮುಟ್ಟುವ ಹಾಗಿಲ್ಲ ಎಂದು ಸೊಸೆ ಹೇಳಿದಾಗ "ಸರಿ" ಎಂದರು. ಎದುರುಮಾತಿಲ್ಲ, ಮುಖ ಗಂಟು ಹಾಕಿದ್ದೂ ಇಲ್ಲ. ಜಗಳವಾಡಿದ್ದರೆ ಸೊಸೆಗೆ ಎಷ್ಟೋ ಸುಲಭವಾಗುತ್ತಿತ್ತು.

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವರು. ಅಲ್ಲಿ ಜ್ವರದ ವಾರ್ಡಿನಿಂದ ಬರುವ ಬಟ್ಟೆಯ ಮೂಟೆಗೆ ಎರಡು ಗಂಟು, ಉಳಿದವಕ್ಕೆ ಒಂದು. ಎರಡು ಗಂಟಿನದನ್ನು ಬಿಚ್ಚುವಾಗ ಮುಖ ತಿರುಗಿಸಿ, ಉಸಿರು ಬಿಗಿಹಿಡಿದು, ಎಣಿಸದೆ ಸೀದಾ ಕುದಿನೀರಿಗೆ ಇಳಿಸಬೇಕು. ಅಷ್ಟನ್ನು ತಪ್ಪದೆ ಪಾಲಿಸಿದ ಅತ್ತೆ ಮೂವತ್ತು ವರ್ಷದಲ್ಲಿ ಒಂದು ದಿನವೂ ಜ್ವರವೆಂದು ರಜೆ ಹಾಕಿರಲಿಲ್ಲ. ಗಂಡನಿಲ್ಲದ ಮನೆ, ಒಬ್ಬನೇ ಮಗನನ್ನು ಆ ಲಾಂಡ್ರಿಯಲ್ಲೇ, ಮಡಚಿಟ್ಟ ಬಿಸಿ ಹೊದಿಕೆಗಳ ನಡುವೆ ಮಲಗಿಸಿ ಬೆಳೆಸಿದ್ದರು. ಅವನಿಗೂ ಶೀತ ನೆಗಡಿ ಎಂದರೆ ಗೊತ್ತಿರಲಿಲ್ಲ. "ನಮ್ಮದು ಕುದಿಸಿ ತೆಗೆದ ಮೈ, ನಮಗೆ ಏನೂ ತಾಗಲ್ಲ" ಎನ್ನುವುದು ಆ ಮನೆಯ ಮಾತಾಗಿಹೋಗಿತ್ತು.

ಮಗ ಲಿಫ್ಟ್ ಮೆಕ್ಯಾನಿಕ್ ಆದ. ದಿನವಿಡೀ ಊರವರೆಲ್ಲ ಕೆಮ್ಮಿ ಇಳಿದುಹೋದ ಪೆಟ್ಟಿಗೆಗಳಲ್ಲಿ ಕೆಲಸ. ಚಳಿ ಶುರುವಾಗುವ ಮುಂಚೆ, ಹೆಂಡತಿ ತನ್ನ ಚುಚ್ಚುಮದ್ದು ಮುಗಿಸಿಕೊಂಡು ಬಂದ ದಿನ, "ನೀವೂ ಹೋಗಿ ಬನ್ನಿ" ಎಂದಿದ್ದಳು. ಅವನು ಸ್ಪ್ಯಾನರ್ ಒರೆಸುತ್ತಾ, "ಅಮ್ಮನ್ನ ಕೇಳು, ನಮ್ಮದು ಎಂಥ ಮೈ ಅಂತ" ಎಂದ. ಅಡುಗೆಮನೆಯಿಂದ ಅತ್ತೆ, "ಮತ್ತೆ! ಕುದಿಸಿ ತೆಗೆದದ್ದು!" ಎಂದರು. ಮೂವರೂ ನಕ್ಕರು. ಅವನು ಹೋಗಲಿಲ್ಲ. ಹೋಗುತ್ತೇನೆ ಎಂದೂ ಹೇಳಲಿಲ್ಲ. ಅವಳು ಇನ್ನೊಮ್ಮೆ ಕೇಳಲಿಲ್ಲ.

ಅದಾಗಿ ಐದು ವಾರಕ್ಕೆ ಅವನಿಗೆ ಜ್ವರ ಬಂತು. ಮೂರನೇ ದಿನ ಉಸಿರಾಡುವುದು ಕಷ್ಟವಾಯಿತು. ಒಂಬತ್ತನೇ ದಿನ, ಅದೇ ಆಸ್ಪತ್ರೆಯಲ್ಲಿ, ಅವನ ತಾಯಿ ಅಷ್ಟು ವರ್ಷ ಒಗೆದ ಹೊದಿಕೆಗಳಲ್ಲೊಂದರ ಅಡಿಯಲ್ಲಿ ಅವನು ತೀರಿಕೊಂಡ. ಹೊಟ್ಟೆಯಲ್ಲಿದ್ದ ಮಗುವಿಗೆ ಆಗ ಏಳು ತಿಂಗಳು. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದರೇ ಎಂದು ಸೊಸೆ ಡಾಕ್ಟರನ್ನು ಕೇಳಿದಳು. "ಖಂಡಿತ ಅಂತ ಯಾರೂ ಹೇಳೋಕಾಗಲ್ಲ. ಇಷ್ಟು ಜೋರಾಗಿ ಹಿಡಿಯೋ ಸಂಭವ ಕಡಿಮೆ ಇರ್ತಿತ್ತು" ಎಂದರು ಅವರು. ಅತ್ತೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಮನೆಯಲ್ಲಿ ಆ ಮಾತು ಹುಟ್ಟಲಿಲ್ಲ.

ಚಳಿ ಇನ್ನೂ ಬಿಟ್ಟಿರಲಿಲ್ಲ. ಓಣಿಯಲ್ಲಿ ಮನೆಗೊಬ್ಬರು ಕೆಮ್ಮುತ್ತಿದ್ದರು. ಸೊಸೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ರಜೆ ಮುಗಿಯಲು ಹದಿನಾರು ದಿನ ಉಳಿದಿತ್ತು. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಮಗುವನ್ನು ಬಿಟ್ಟುಹೋಗಲು ಅತ್ತೆಯನ್ನು ಬಿಟ್ಟರೆ ಇನ್ನೊಂದು ಮಡಿಲಿಲ್ಲ.

ಅವತ್ತು ಬೆಳಗ್ಗೆ ಮಗುವಿನ ತೂಕ ನೋಡಲು ನರ್ಸ್ ಬಂದಳು. ಹೆಗಲಲ್ಲಿ ತಕ್ಕಡಿ, ಕೈಯಲ್ಲಿ ಲಸಿಕೆಯ ತಣ್ಣನೆ ಡಬ್ಬಿ.

"ಅಜ್ಜೀ, ಇದರಲ್ಲಿ ನಿಮಗೇ ಅಂತ ಒಂದು ಇಟ್ಕೊಂಡು ತಿರುಗ್ತಿದ್ದೀನಿ. ಎಷ್ಟು ಸಲ ಹೊರಬೇಕು ಹೇಳಿ."

"ಬೇರೆ ಯಾರಿಗಾದ್ರೂ ಚುಚ್ಚಮ್ಮ. ಪುಣ್ಯ ಬರುತ್ತೆ."

"ಪುಣ್ಯ ಎಲ್ಲ ಆಯ್ತು, ಈಗ ನಿಮ್ಮ ತೋಳೇ ಬೇಕು. ಎದುರು ಮನೇಲಿ ಇನ್ನೊಂದು ಕೂಸಿದೆ, ನೋಡಿ ಬರ್ತೀನಿ. ಅರ್ಧ ಗಂಟೆ. ಅಷ್ಟರಲ್ಲಿ ತೋಳು ರೆಡಿ ಇರ್ಲಿ."

ನರ್ಸ್ ಇಳಿದುಹೋದಳು. ಅತ್ತೆ ಇಸ್ತ್ರಿ ಮೇಜಿನ ಮುಂದೆ ನಿಂತರು. ಸೊಸೆ ಮಗುವನ್ನು ಮಲಗಿಸಿ ಹೊರಗೆ ಬಂದು, ಮಡಚಿದ ಬಟ್ಟೆಗಳ ಪಕ್ಕ ನೆಲದ ಮೇಲೆ ಕೂತಳು.

"ಹಾಕಿಸ್ಕೊಂಡ್ರೆ ಏನಾಗುತ್ತೆ ಅತ್ತೆ?"

"ಏನೂ ಆಗಲ್ಲ."

"ಮತ್ತೆ?"

"ಅದೇ ಕಣಮ್ಮ ಕಷ್ಟ." ಇಸ್ತ್ರಿಪೆಟ್ಟಿಗೆ ಒಂದೇ ಕಡೆ ಹೋಗಿಬಂದು ಮಾಡುತ್ತಿತ್ತು. "ಒಂದು ನಿಮಿಷದ ಕೆಲಸ. ಚುಚ್ತಾರೆ, ಹತ್ತಿ ಒತ್ತಾರೆ, ಎದ್ದು ಹೋಗಿ ಅಂತಾರೆ. ಇಷ್ಟೇನಾ ಇದ್ದದ್ದು ಅಂತ ನನಗೆ ಗೊತ್ತಾಗಿಬಿಡುತ್ತಲ್ಲ. ಇಷ್ಟಕ್ಕೆ ನನ್ನ ಮಗ ಹೋದ. ನನ್ನ ಬಾಯಿಬಡುಕತನ ನಂಬಿ ಹೋದ. ಅವನಿಗೆ ಬೇಡ ಅಂದವಳು ಈಗ ನಾನು ತೋಳು ಚಾಚಿ ಕೂರ್ಲಾ?"

ಸೊಸೆ ಬಾಗಿಲ ಕಡೆ ನೋಡಿದಳು. ಅರ್ಧ ಗಂಟೆಯಲ್ಲಿ ಎಷ್ಟು ಉಳಿದಿದೆಯೋ.

"ನಿಮ್ಮ ಮಾತು ನಂಬಿ ಅಲ್ಲ ಅತ್ತೆ. ಅವರು ಹೊರಟಿದ್ದರು."

ಅತ್ತೆ ತಲೆಯೆತ್ತಿದರು.

"ಒಂದು ಶನಿವಾರ. ನೀವು ಮಾರ್ಕೆಟ್‌ಗೆ ಹೋಗಿದ್ರಿ. ಶರ್ಟ್ ಹಾಕ್ಕೊಂಡು, ಅಮ್ಮನಿಗೆ ಹೇಳ್ಬೇಡ, ನಗ್ತಾಳೆ, ಬೇಗ ಹೋಗಿ ಹಾಕಿಸ್ಕೊಂಡು ಬಂದುಬಿಡ್ತೀನಿ ಅಂದ್ರು. ನಾನೇ ನಿಲ್ಲಿಸಿದೆ."

"ಯಾಕೆ?"

ಯಾಕೆ ಎಂಬುದನ್ನು ಅವಳು ಯೋಚಿಸಿಟ್ಟುಕೊಂಡಿರಲಿಲ್ಲ. ಕಣ್ಣು ಕೋಣೆಯ ಕಿಟಕಿಯ ಮೇಲೆ ಬಿತ್ತು.

"ಪರದೆ ಕಂಬಿ. ಕೂಸು ಬರೋಷ್ಟರಲ್ಲಿ ಹಾಕಿಕೊಡಿ, ಚುಚ್ಚುಮದ್ದು ಇನ್ನೊಂದು ದಿನ ಆಗುತ್ತೆ ಅಂದೆ. ಇಡೀ ದಿನ ಗೋಡೆ ಕೊರೀತಾ ಕೂತ್ರು. ಆ ಇನ್ನೊಂದು ದಿನ ಬರಲೇ ಇಲ್ಲ."

ಅವನು ಒಂದು ಶನಿವಾರ ಕಂಬಿ ಕೂರಿಸಿದ್ದು ನಿಜ. ಮಿಕ್ಕಿದ್ದೆಲ್ಲ ಅವಳು ಆ ಕ್ಷಣದಲ್ಲಿ ಕಟ್ಟಿದ ಸುಳ್ಳು.

ಕರಕಲು ವಾಸನೆ ಬಂತು. ಅತ್ತೆ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಕೆಳಗಿನ ಪುಟ್ಟ ಅಂಗಿಯ ಮೇಲೆ ಕಂದು ಕಲೆ ಮೂಡಿತ್ತು. ಅವರು ಅದನ್ನು ನೋಡಲಿಲ್ಲ.

"ಕಂಬಿಗಾ?"

"ಹೂಂ."

"ಹೊರಟವನನ್ನ ಒಂದು ಕಂಬಿಗೋಸ್ಕರ ನಿಲ್ಲಿಸ್ಕೊಂಡೆಯಾ?"

"ಹೂಂ."

"ನಾನು ಇಷ್ಟು ದಿನ ನಿನ್ನ ಕಣ್ಣೆದುರೇ ಬೇಯ್ತಿದ್ದೆ. ಅನ್ನ ಬಡಿಸ್ತಿದ್ದೆ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ಲ ನಿನಗೆ."

ಮೆಟ್ಟಿಲ ಮೇಲೆ ನರ್ಸಿನ ಚಪ್ಪಲಿ ಸದ್ದು ಕೇಳಿಸಿತು. ಅತ್ತೆ ಕುರ್ಚಿ ಎಳೆದು ಕೂತು, ರವಿಕೆಯ ತೋಳನ್ನು ಮೇಲಕ್ಕೆ ಮಡಚಿದರು.

"ಅಯ್ಯೋ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದಳು ನರ್ಸ್.

"ಚುಚ್ಚಮ್ಮ. ಮಾತು ಆಮೇಲೆ."

ಸೂಜಿ ಹೋಗಿ ಬಂತು. ಹತ್ತಿ ಒತ್ತಿದಳು. ಅತ್ತೆಯ ಕಣ್ಣಲ್ಲಿ ನೀರು ಸುರಿಯತೊಡಗಿದ್ದು ಕಂಡು, "ನೋವಾಯ್ತಾ ಅಜ್ಜಿ?" ಎಂದಳು.

"ಇಲ್ಲ," ಎಂದರು ಅತ್ತೆ. "ಏನೂ ನೋವಿಲ್ಲ. ಏನೇನೂ ಇಲ್ಲ."

ಮುಂದಿನ ಎರಡು ವಾರ ಅತ್ತೆ ಎಂದಿನಂತೆ ಬೇಯಿಸಿದರು, ಒಗೆದರು, ಸ್ಟೂಲಿನ ಮೇಲೆ ಕೂತು ಮೊಮ್ಮಗಳ ಜೊತೆ ಹರಟಿದರು. ಸೊಸೆಯ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಮುಂದೆ ಇಟ್ಟು ತಿರುಗಿ ಹೋಗುತ್ತಿದ್ದರು. "ಕಣಮ್ಮ" ಎನ್ನುವ ಕರೆ ನಿಂತೇಹೋಯಿತು. ಟೈಲರ್ ಅಕ್ಕ ಮೂಗಿನ ಮೇಲೆ ಬೆರಳಿಟ್ಟು, "ಇದೇನು, ಅತ್ತೆ ಸೊಸೆ ಈಗ ಶುರು ಹಚ್ಕೊಂಡ್ರಾ?" ಎಂದರು. ಇಬ್ಬರೂ ನಗಲಿಲ್ಲ.

ಸೊಸೆ ಎದುರುನೋಡಿದ್ದು ಇಷ್ಟನ್ನೇ. ಆದರೂ ತಟ್ಟೆ ಇಡುವ ಸದ್ದಿಗೆ ಪ್ರತಿ ಸಲವೂ ತಲೆಯೆತ್ತಿ ಅತ್ತೆಯ ಮುಖ ನೋಡುತ್ತಿದ್ದಳು. ಹಾಗಲ್ಲ ಅತ್ತೆ, ಸುಳ್ಳು ಹೇಳಿದೆ ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂದದ್ದನ್ನು ಎರಡು ಸಲ ನುಂಗಿಕೊಂಡಳು. ಅಂದುಬಿಟ್ಟರೆ ಆ ಭಾರವೆಲ್ಲ ಮತ್ತೆ ಆ ಮುದುಕಿಯ ತಲೆಯ ಮೇಲೆ.

ಹದಿನೈದನೇ ದಿನ ಬೆಳಗ್ಗೆ ಅತ್ತೆ ಮೊಣಕೈವರೆಗೆ ಕೈ ತೊಳೆದು, ಹೊಸ್ತಿಲು ದಾಟಿ ಬಂದರು. ಮಗುವಿನ ಕತ್ತಿನ ಕೆಳಗೆ ಒಂದು ಕೈ, ಬೆನ್ನಿನ ಕೆಳಗೆ ಒಂದು ಕೈ ಕೊಟ್ಟು ಎತ್ತಿ, ಎದೆಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ, ತಿರುಗದೆಯೇ:

"ಅವತ್ತು ಯಾವ ಶರ್ಟ್ ಹಾಕ್ಕೊಂಡಿದ್ದ?"

"ನೀಲಿ ಗೆರೆಯದ್ದು."

"ಗುಂಡಿ?"

"ಮೇಲಿನೆರಡು ಹಾಕಿರಲಿಲ್ಲ."

"ಹಾಗೇ ಬಿಡ್ತಿದ್ದ," ಎಂದರು ಅತ್ತೆ. "ಹೊರಟಿದ್ನಲ್ಲ, ಅಷ್ಟು ಸಾಕು" ಎಂದು ಮಗುವಿನ ನೆತ್ತಿಗೆ ಹೇಳಿದರು.

ಮಾರನೇ ದಿನ ಸೊಸೆ ಕೆಲಸಕ್ಕೆ ಹೋದಳು. ಹೊಸ ಬಿಳಿ ಕೋಟು ಕೊಟ್ಟರು, ಅದರ ಮಡಿಕೆಗಳು ವಕ್ರವಾಗಿದ್ದವು. ಬೆಂಚಿನ ಮೇಲೆ ಹನ್ನೆರಡು ಬಾಟಲಿ ನೀರು ಕಾದಿತ್ತು. ಮೊದಲನೆಯದರ ಮುಚ್ಚಳ ತಿರುಗಿಸುವಾಗ ಅವನು ಮನೆಯ ಬಾಗಿಲಲ್ಲಿ ನಿಂತಿರುವುದು ಕಂಡಿತು: ನೀಲಿ ಗೆರೆಯ ಶರ್ಟು, ತೆರೆದ ಗುಂಡಿ, ಒಂದು ಕಾಲು ಹೊರಗೆ. ಅಂಥ ಶನಿವಾರ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸ್ಪ್ಯಾನರ್ ಒರೆಸುತ್ತಾ ಅವನು ನಕ್ಕ ದಿನವನ್ನು ನೆನೆಯಲು ನೋಡಿದಳು. ನಗು ಕಿವಿಗೆ ಬರಲಿಲ್ಲ. ಬಾಗಿಲಲ್ಲಿ ನಿಂತವನೇ ನಿಚ್ಚಳವಾಗಿದ್ದ.

ಹೋಗಿ ಬನ್ನಿ, ಕಂಬಿ ಆಮೇಲೆ ಆಗುತ್ತೆ ಎಂದಳು, ಮನಸ್ಸಿನಲ್ಲೇ. ಇನ್ನೊಮ್ಮೆ ಎಂದಳು. ಅವನು ಚಪ್ಪಲಿ ಬಿಚ್ಚಿ ಒಳಗೆ ಬಂದು, ಡ್ರಿಲ್ಲು ಎಲ್ಲಿಟ್ಟಿದ್ದೀಯಾ ಎಂದು ಕೇಳಿದ.