ಮುರಿಯದ ಮೂಕಿ

ಸವಳಂಗ ರಸ್ತೆಯ ಬದಿಯ ತನ್ನ ಚಪ್ಪರದಲ್ಲಿ ಬಡಗಿ ಕಾಳಾಚಾರಿ ಒಂದು ಮುರಿದ ಎತ್ತಿನ ಗಾಡಿಯನ್ನು ಸುತ್ತಿ ಸುತ್ತಿ ನೋಡುತ್ತಿದ್ದ. ಅದು ಭದ್ರಾವತಿಗೆ ಇದ್ದಿಲು ಹೊಡೆಯುವ ಪುಟ್ಟಯ್ಯನದು. ಇಪ್ಪತ್ತು ದಿನದ ಹಿಂದೆ ಅಲ್ಲೇ ಮುಂದಿನ ನಾಲ್ಕು ರಸ್ತೆ ಕೂಡುವಲ್ಲಿ ಮಂಡಿ ಸಾಹುಕಾರ ಚಂದ್ರಶೇಖರಪ್ಪನವರ ಕಾರಿಗೂ ಈ ಗಾಡಿಗೂ ಡಿಕ್ಕಿಯಾಗಿತ್ತು. ಎಡಗಾಲಿ ನುಚ್ಚುನೂರಾಗಿತ್ತು. ಪುಟ್ಟಯ್ಯ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

ಸಾಹುಕಾರರ ಗುಮಾಸ್ತ ಶಂಕರನಾರಾಯಣ ಬಂದ. ಡಿಕ್ಕಿಯ ದಿನ ಅವನೂ ಕಾರಿನಲ್ಲಿದ್ದ.

"ಆಚಾರಿ, ಗಾಲಿ ಹೊಸದು ಹಾಕು. ಮೂಕಿನೂ ಹೊಸದು ಹಾಕು. ಖರ್ಚು ಸಾಹುಕಾರರದ್ದು. ಹಳೇದನ್ನೆಲ್ಲ ಸೀಳಿ ಒಲೆಗೆ ಹಾಕು."

ಗಾಡಿಯಿಂದ ನೊಗದವರೆಗೆ ಚಾಚಿದ ಉದ್ದನೆಯ ಮರವನ್ನು ಆಚಾರಿ ತಟ್ಟಿದ. "ಮೂಕಿಗೆ ಏನಾಗಿದೆ ರಾಯರೇ? ಗಟ್ಟಿಯಾಗಿದೆಯಲ್ಲ!"

"ಕೊಡೋರು ಕೊಡ್ತಾರೆ, ನಿಂಗ್ಯಾಕೆ ಹೊಟ್ಟೆನೋವು ಮಾರಾಯ? ಸೋಮವಾರದೊಳಗೆ ಆಗ್ಬೇಕು."

ಎಂಥ ಧರ್ಮಾತ್ಮರು ಅಂದುಕೊಂಡು ಆಚಾರಿ ಮರ ಆರಿಸಿದ.

ಮಧ್ಯಾಹ್ನ ಪುಟ್ಟಯ್ಯನ ಹೆಂಡತಿ ಪುಟ್ಟಲಕ್ಷ್ಮಿ ಬಂದಳು. "ಸೋಮವಾರ ಕೋರ್ಟು ಆಚಾರ್ರೇ. ನಮ್ಮೋರೇ ಗಾಡಿ ನುಗ್ಗಿಸಿ ಕಾರಿಗೆ ಗುದ್ದಿದ್ರಂತೆ. ಏಟು ಬಿದ್ದು ಅವರಿಗೇನೂ ನೆನಪಿಲ್ಲ. ತಪ್ಪು ನಮ್ಮದೇ ಅಂತಾದ್ರೆ ಪರಿಹಾರ ಇಲ್ಲ, ಮೇಲೆ ಶಿಕ್ಷೆ ಬೇರೆ. ಆದ್ರೂ ಸಾಹುಕಾರ್ರು ಗಾಡಿ ಮಾಡಿಸಿಕೊಡ್ತಾರೆ. ದೊಡ್ಡ ಮನಸ್ಸು."

ಮರ ಕೆತ್ತುತ್ತಿದ್ದ ಆಚಾರಿಯ ಕೈಯ ಬಾಚಿ ನಿಂತಿತು.

"ಎತ್ತುಗಳಿಗೆ ಏನಾದ್ರೂ ಆಯ್ತೇನಮ್ಮ?"

"ಒಂದು ಗೀರೂ ಇಲ್ಲ."

"ಗಾಡಿ ಹೋಗಿ ಕಾರಿಗೆ ಗುದ್ದಿದ್ರೆ ಮೊದಲು ಏಟು ಬೀಳೋದು ಎತ್ತಿಗೆ. ಆಮೇಲೆ ಮೂಕಿಗೆ. ಇಲ್ಲಿ ಅವೆರಡೂ ಕ್ಷೇಮವಾಗಿ ದಾಟಿವೆ, ಪಕ್ಕದ ಗಾಲಿ ಪುಡಿಯಾಗಿದೆ! ಬಂದು ಗುದ್ದಿದೋರು ಯಾರು? ಅದಕ್ಕೇ ಈ ಮೂಕಿನ ಸೀಳಿ ಒಲೆಗೆ ಹಾಕು ಅಂದದ್ದು!"

ಪುಟ್ಟಲಕ್ಷ್ಮಿ ಮೂಕಿಯ ಪಕ್ಕದಲ್ಲಿ ಕುಸಿದು ಕುಳಿತಳು. ಆಚಾರಿಗೆ ಮೈಯೆಲ್ಲ ಉರಿಯಿತು. ಸಾಹುಕಾರರ ಮೇಲಷ್ಟೇ ಅಲ್ಲ, ಸಂತೋಷದಿಂದ ಮರ ಆರಿಸಿದ ತನ್ನ ಮೇಲೂ.

ಶನಿವಾರ ಗುಮಾಸ್ತ ಬಂದಾಗ ಗಾಡಿ ಇದ್ದ ಹಾಗೇ ಇತ್ತು.

"ಕೆಲಸ ಮಾಡಲ್ಲ," ಅಂದ ಆಚಾರಿ. "ಸುಳ್ಳಿಗೆ ಗಾಲಿ ಹಾಕೋದು ನಾನು ಕಲಿತಿಲ್ಲ."

ಗುಮಾಸ್ತ ದನಿ ತಗ್ಗಿಸಿದ. "ಕಾರು ನಡೆಸ್ತಿದ್ದದ್ದು ಅವರ ಮಗ ಕಣಯ್ಯ. ಬರೋ ತಿಂಗಳು ಮದುವೆ. ಜೈಲಾದ್ರೆ ಆ ಮನೆ ಗತಿ ಏನು? ಇವರಿಗೆ ಗಾಡಿ ಸಿಗುತ್ತೆ, ಅವರ ಮಾನ ಉಳಿಯುತ್ತೆ. ನಾನೂ ಮೂರು ಹೆಣ್ಣುಮಕ್ಕಳ ತಂದೆ, ಹೇಳಿದ್ದು ಮಾಡ್ಬೇಕು."

"ಪುಟ್ಟಯ್ಯನ ಕಾಲು ಮುರೀತಲ್ಲ, ಅವನ ಮನೆಗೆ ಮಾನ ಇಲ್ವೇ ರಾಯರೇ?"

"ಮಂಡಿಯ ಒಂದು ಗಾಡಿನೂ ಇನ್ನು ನಿನ್ನ ಚಪ್ಪರಕ್ಕೆ ಬರಲ್ಲ, ನೆನಪಿಟ್ಕೋ!"

"ಬರೋದು ಬೇಡ. ಗಾಡಿ ಇರೋ ಊರಲ್ಲಿ ಬಡಗಿ ಉಪವಾಸ ಸಾಯಲ್ಲ. ನಡೀರಿ ಆಚೆ!"

ಸೋಮವಾರ ಆಚಾರಿ ಮುರಿದ ಗಾಡಿಯನ್ನು ಇನ್ನೊಂದು ಗಾಡಿಯ ಮೇಲೆ ಹೇರಿಸಿಕೊಂಡು ಕೋರ್ಟಿನ ಅಂಗಳಕ್ಕೆ ತಂದ. ಸಾಹುಕಾರರ ವಕೀಲರು ನಕ್ಕರು. "ಇದೇನು ಸಂತೆಯೇ?" ಆಚಾರಿಯ ಮಾತು ಕೇಳಿದ ಮ್ಯಾಜಿಸ್ಟ್ರೇಟರು ನಗದೆ ಎದ್ದು ಹೊರಗೆ ಬಂದರು. ಗುಮಾಸ್ತನನ್ನು ಕರೆದರು.

"ಗಾಡಿ ಬಂದು ಕಾರಿಗೆ ಗುದ್ದಿತು ಎಂದು ಹೇಳಿಕೆ ಕೊಟ್ಟಿದ್ದೀರಿ. ಗಾಡಿಯ ಯಾವ ಭಾಗ ತಗಲಿತು? ಮುಟ್ಟಿ ತೋರಿಸಿ."

ಶಂಕರನಾರಾಯಣ ಮೂಕಿಯ ಕಡೆ ಕೈ ಚಾಚಿದ. ಬೆರಳು ಮರ ಮುಟ್ಟುವ ಮೊದಲೇ ನಿಂತಿತು. ಎದುರಿಗೆ ಪುಟ್ಟಲಕ್ಷ್ಮಿ ನಿಂತಿದ್ದಳು. ಅವನು ಸಾಹುಕಾರರ ಕಡೆ ನೋಡಿದ. ಅವರು ಬೇರೆ ಕಡೆ ನೋಡುತ್ತಿದ್ದರು.

"ಇದು ತಗಲಲಿಲ್ಲ ಸ್ವಾಮಿ," ಅಂದ. "ಗಾಡಿ ಆಗಲೇ ಅರ್ಧ ರಸ್ತೆ ದಾಟಿತ್ತು. ನಿಲ್ಲಿಸಬೇಕಾದವರು ನಾವು. ನಾವೇ ಹೋಗಿ ಗುದ್ದಿದ್ದು."

ಕೋರ್ಟಿನ ಬರಹಗಾರರು ಬಿಳಿ ಹಾಳೆ ತೆಗೆದು ಹೊಸ ಹೇಳಿಕೆ ಬರೆದುಕೊಂಡರು. ಶಂಕರನಾರಾಯಣ ರುಜು ಹಾಕಿ ತಲೆತಗ್ಗಿಸಿ ಗೇಟಿನ ಕಡೆ ನಡೆದ. ಪುಟ್ಟಲಕ್ಷ್ಮಿ ಓಡಿಬಂದು ಅಡ್ಡ ನಿಂತಳು.

"ಇಲ್ಲಿ ಹೇಳಿದ್ದು ಸಾಲದು ರಾಯರೇ. ಆಸ್ಪತ್ರೆಗೆ ಬಂದು ಅವರ ಮುಂದೆ ಹೇಳಿ. ಇಷ್ಟು ದಿನದಿಂದ, ತಪ್ಪು ನನ್ನದೇ ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ."

ಶಂಕರನಾರಾಯಣ ಮಂಡಿಯ ದಾರಿಯನ್ನೊಮ್ಮೆ ನೋಡಿದ. ಆಮೇಲೆ ಅವಳ ಹಿಂದೆ ಆಸ್ಪತ್ರೆಯ ಕಡೆ ಹೆಜ್ಜೆ ಹಾಕಿದ.